ಖಾಸಗಿ ಗೈಡ್ ಜೊತೆ ಐಸ್‌ಲ್ಯಾಂಡಿನ ದಕ್ಷಿಣ ತೀರ: ಒಂದು ದಿನದ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ರಾಜಧಾನಿ ರೇಕ್ಯಾವಿಕ್ ಬಿಟ್ಟು ರಾತ್ರಿ ಊಟಕ್ಕೆ ವಾಪಸ್ ಬರುವಷ್ಟರಲ್ಲಿ ಜ್ವಾಲಾಮುಖಿ, ಹಿಮನದಿ, ಜಲಪಾತ, ಕಪ್ಪು ಮರಳಿನ ಕಡಲು ಎಲ್ಲವನ್ನೂ ತೋರಿಸುತ್ತೇವೆ ಅಂತ ಪ್ರತಿ ಟೂರ್ ಕಂಪನಿಯೂ ಹೇಳುತ್ತದೆ. ಸುಳ್ಳಲ್ಲ, ತೋರಿಸುತ್ತಾರೆ. ಆದರೆ ಖಾಸಗಿ ಗೈಡ್‌ಗೆ ಅಷ್ಟೊಂದು ದುಡ್ಡು ಕೊಟ್ಟು, ಬಸ್ ಟೂರ್‌ನವರು ಓಡಾಡುವ ಪಟ್ಟಿಯನ್ನೇ ಹಿಡಿದು ಓಡಾಡಿದರೆ ಏನು ಬಂತು? ಇಲ್ಲಿ ನಿಮಗೆ ಸಿಗುವ ನಿಜವಾದ ಅನುಕೂಲ ಒಂದೇ. ಗಾಳಿ, ಮಳೆ, ಮನೆಯವರ ಸುಸ್ತು ನೋಡಿಕೊಂಡು ಆ ದಿನದ ಯೋಜನೆಯನ್ನು ಅಲ್ಲೇ ಬದಲಾಯಿಸಬಹುದು. ಬೇಡವಾದ ಜಾಗವನ್ನು ಬಿಟ್ಟುಬಿಡಬಹುದು. ಇದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನದ್ದನ್ನು ಓದಿ.

ಹೆಜ್ಜೆ 1: ಒಂದೇ ದಾರಿ ಆರಿಸಿಕೊಳ್ಳಿ

ರೇಕ್ಯಾವಿಕ್‌ನಿಂದ ಒಂದು ದಿನಕ್ಕೆ ಹೋಗಿಬರುವ ದಾರಿಗಳು ಹಲವು ಇವೆ. ‘ಗೋಲ್ಡನ್ ಸರ್ಕಲ್’ ಎಲ್ಲಕ್ಕಿಂತ ಸಲೀಸು. ಥಿಂಗ್‌ವೆಟ್ಲಿರ್ ಬಯಲು, ಕೆಲವೇ ನಿಮಿಷಕ್ಕೊಮ್ಮೆ ಬಿಸಿನೀರು ಚಿಮ್ಮುವ ಸ್ಟ್ರೋಕ್ಕುರ್, ಗುಲ್‌ಫೊಸ್ ಜಲಪಾತ, ಇಷ್ಟು. ರೇಕ್ಯಾನೆಸ್ ಪರ್ಯಾಯ ದ್ವೀಪ ಇನ್ನೂ ಹತ್ತಿರ. 2021ರಿಂದ ಹಲವು ಸಲ ಲಾವಾ ಉಕ್ಕಿದ್ದು ಅಲ್ಲೇ. 2023ರ ನವೆಂಬರ್‌ನಲ್ಲಿ ಗ್ರಿಂಡವೀಕ್ ಊರನ್ನೇ ಖಾಲಿ ಮಾಡಿಸಿದರು. ಹೊಸ ಲಾವಾ ನೋಡಬೇಕು ಅನ್ನುವವರಿಗೆ ಆ ಕಡೆ ಸರಿ.

ಜ್ವಾಲಾಮುಖಿ ಮತ್ತು ಹಿಮನದಿ ಎರಡೂ ಒಂದೇ ದಿನ ಬೇಕು ಅಂದರೆ ದಕ್ಷಿಣ ತೀರವೇ ಸರಿ. ರಿಂಗ್ ರೋಡ್, ಅಂದರೆ 1ನೇ ನಂಬರಿನ ಹೆದ್ದಾರಿ ಹಿಡಿದು ವೀಕ್ ಊರಿನವರೆಗೆ ಸುಮಾರು 187 ಕಿ.ಮೀ. ನೋಡಬೇಕಾದದ್ದೆಲ್ಲ ಹೆಚ್ಚುಕಡಿಮೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಈ ಮಾರ್ಗದರ್ಶಿ ಇದೇ ದಾರಿಯದ್ದು.

ಮಂಜುಗಡ್ಡೆ ತೇಲುವ ಯೋಕುಲ್ಸಾರ್ಲೋನ್ ಸರೋವರವನ್ನೂ ಅದೇ ದಿನ ಸೇರಿಸೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ರೇಕ್ಯಾವಿಕ್‌ನಿಂದ ಸುಮಾರು 370 ಕಿ.ಮೀ. ಹೋಗೋಕೆ ನಾಲ್ಕೂವರೆ–ಐದು ಗಂಟೆ, ಬರೋಕೆ ಅಷ್ಟೇ. ದಿನವೆಲ್ಲ ಕಾರಲ್ಲೇ ಕೂರಬೇಕು. ಅಲ್ಲಿಗೆ ಹೋಗುವುದಾದರೆ ದಾರಿಯಲ್ಲಿ ಒಂದು ರಾತ್ರಿ ಉಳಿಯುವ ಪ್ಲಾನ್ ಮಾಡಿ.

ಹೆಜ್ಜೆ 2: ತಿಂಗಳು ನೋಡಿ ಬುಕ್ ಮಾಡಿ

ಜೂನ್‌ನಲ್ಲಿ ಸುಮಾರು 21 ಗಂಟೆ ಬೆಳಕು. ಕತ್ತಲಾಗುತ್ತೆ ಅನ್ನುವ ಚಿಂತೆಯೇ ಇಲ್ಲ. ಜನ ಮಾತ್ರ ಜಾಸ್ತಿ. ಖಾಸಗಿ ಕಾರಿದ್ದರೆ ಅದಕ್ಕೂ ಉಪಾಯ ಇದೆ: ಮಧ್ಯಾಹ್ನ 12ಕ್ಕೆ ಹೊರಟು ರಾತ್ರಿ 11ಕ್ಕೆ ವಾಪಸ್ ಬರುವ ಹಾಗೆ ಗೈಡ್ ಹತ್ತಿರ ಮಾತಾಡಿ. ಬಸ್‌ಗಳೆಲ್ಲ ಹೋದ ಮೇಲೆ, ಸಂಜೆ 8 ಗಂಟೆಗೆ, ಸ್ಕೋಗಾಫೊಸ್ ಜಲಪಾತದ ಮುಂದೆ ಆರಾಮಾಗಿ ನಿಲ್ಲಬಹುದು. ಹಿಮನದಿ ನಡಿಗೆಯ ಕೊನೆಯ ಸ್ಲಾಟ್ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಅಷ್ಟೇ.

ಡಿಸೆಂಬರ್‌ನಲ್ಲಿ ಇದಕ್ಕೆ ತದ್ವಿರುದ್ಧ. ಸೂರ್ಯ ಹುಟ್ಟುವುದೇ ಬೆಳಗ್ಗೆ 11ರ ಮೇಲೆ, ಮುಳುಗುವುದು ಮಧ್ಯಾಹ್ನ 3:30ರ ಹೊತ್ತಿಗೆ. ಕತ್ತಲಲ್ಲೇ ಹೊರಡಬೇಕು, ಕತ್ತಲಲ್ಲೇ ವಾಪಸ್. ಮೂರು ಜಾಗಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಹಿಮದ ರಸ್ತೆ ಓಡಿಸಿ ಅಭ್ಯಾಸವಿಲ್ಲದ ನಮ್ಮಂಥವರಿಗೆ ಚಳಿಗಾಲದಲ್ಲಿ ಡ್ರೈವರ್–ಗೈಡ್ ಇಟ್ಟುಕೊಳ್ಳುವುದು ಐಷಾರಾಮ ಅಂತ ನನಗೆ ಅನ್ನಿಸುವುದಿಲ್ಲ. ಅದು ಬೇಕೇ ಬೇಕಾದ ಖರ್ಚು.

ನನ್ನನ್ನು ಕೇಳಿದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಮೊದಲಾರ್ಧ. ಪಫಿನ್ ಹಕ್ಕಿ ನೋಡಲೇಬೇಕು ಅಂದರೆ ಮೇ ತಿಂಗಳಿಂದ ಆಗಸ್ಟ್ ಮಧ್ಯದೊಳಗೆ ಹೋಗಿ. ಆಮೇಲೆ ಅವು ಕಡಲಿಗೆ ಹೊರಟುಹೋಗುತ್ತವೆ.

ಹೆಜ್ಜೆ 3: ಗೈಡ್‌ಗೆ ಕೇಳಬೇಕಾದ ಪ್ರಶ್ನೆಗಳು

ಇಲ್ಲೇ ಜನ ಎಡವುವುದು. ವೆಬ್‌ಸೈಟಿನ ಫೋಟೋ ನೋಡಿ, ಚೌಕಾಸಿ ಮಾಡಿ ಬುಕ್ ಮಾಡಿಬಿಡುತ್ತಾರೆ. ದುಡ್ಡು ಕಟ್ಟುವ ಮೊದಲು ಒಂದು ಇಮೇಲ್ ಬರೆಯಿರಿ. ಬರುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಮೊದಲನೆಯದು ಲೈಸೆನ್ಸ್. ಐಸ್‌ಲ್ಯಾಂಡಿನಲ್ಲಿ ದಿನದ ಟೂರ್ ನಡೆಸುವವರು ಅಲ್ಲಿನ ಪ್ರವಾಸೋದ್ಯಮ ಮಂಡಳಿಯಿಂದ ಪರವಾನಗಿ ಪಡೆದಿರಬೇಕು, ಬರಹದಲ್ಲಿ ಸುರಕ್ಷತಾ ಯೋಜನೆ ಇಟ್ಟುಕೊಂಡಿರಬೇಕು. ಬಾಡಿಗೆಗೆ ಜನರನ್ನು ಕರೆದೊಯ್ಯಲು ಪ್ರತ್ಯೇಕ ಪರವಾನಗಿಯೂ ಬೇಕು. ಸರಿಯಾದ ಕಂಪನಿ ಇದನ್ನು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಫೇಸ್‌ಬುಕ್ ಗುಂಪಿನಲ್ಲಿ ಸಿಕ್ಕಿದ ‘ನಮ್ಮ ಕಡೆಯವರು, ಕಡಿಮೆಗೆ ಕರ್ಕೊಂಡು ಹೋಗ್ತಾರೆ’ ಅನ್ನುವ ವ್ಯವಸ್ಥೆಯಿಂದ ದೂರ ಇರಿ.

ಎರಡನೆಯದು ಇನ್ನೂ ಮುಖ್ಯ: ಹಿಮನದಿಯ ಮೇಲೆ ಕರೆದುಕೊಂಡು ಹೋಗುವವರು ಯಾರು? ಕಾರು ಓಡಿಸುವ ಗೈಡ್ ಬೇರೆ, ಹಿಮನದಿ ಗೈಡ್ ಬೇರೆ. ಸಾಮಾನ್ಯವಾಗಿ ನಿಮ್ಮ ಡ್ರೈವರ್–ಗೈಡ್ ಪಾರ್ಕಿಂಗ್‌ವರೆಗೆ ತಂದು ಬಿಡುತ್ತಾರೆ. ಅಲ್ಲಿಂದ ತರಬೇತಿ ಪಡೆದ ಹಿಮನದಿ ಗೈಡ್ ನಿಮ್ಮನ್ನು ಕರೆದೊಯ್ಯುತ್ತಾರೆ. ‘ನಾನೇ ಸ್ವಲ್ಪ ದೂರ ಮೇಲೆ ಹತ್ತಿಸಿಕೊಂಡು ಬರ್ತೀನಿ’ ಅಂತ ಡ್ರೈವರ್ ಹೇಳಿದರೆ, ಐಸ್‌ಲ್ಯಾಂಡ್ ಪರ್ವತ ಗೈಡ್‌ಗಳ ಸಂಘದ ಹಿಮನದಿ ತರಬೇತಿ ಆಗಿದೆಯಾ ಅಂತ ನೇರವಾಗಿ ಕೇಳಿ. ಆಗಿಲ್ಲದಿದ್ದರೆ ಬೇಡ. ಜೊತೆಗೆ, ನಡಿಗೆಯೂ ಖಾಸಗಿಯಾ ಅಥವಾ ಬೇರೆ ಗುಂಪಿನ ಜೊತೆ ಸೇರಿಸುತ್ತಾರಾ ಅಂತಲೂ ಕೇಳಿ. ಎಷ್ಟೋ ಸಲ ಕಾರು ಮಾತ್ರ ಖಾಸಗಿ.

ಬೇಸಿಗೆಯಲ್ಲಿ ಹಿಮದ ಗುಹೆಗೆ ಕರೆದೊಯ್ಯುತ್ತೇವೆ ಅನ್ನುವ ಮಾತಿಗೆ ಜಾಗ್ರತೆ. 2024ರ ಆಗಸ್ಟ್‌ನಲ್ಲಿ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡರು. ಬಿಸಿಲು ಕಾಲದಲ್ಲಿ ಕರಗುವ ನೀರು ಮಂಜುಗಡ್ಡೆಯನ್ನು ಒಳಗಿನಿಂದ ಕೊರೆಯುತ್ತಾ ಇರುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ.

ಮೂರನೆಯದು ದುಡ್ಡು. ಖಾಸಗಿ ಟೂರಿನ ದರ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಇರುವುದಿಲ್ಲ, ಇಡೀ ಗಾಡಿಗೆ ಇಷ್ಟು ಅಂತ ಇರುತ್ತದೆ. ಇಬ್ಬರೇ ಹೋದರೆ ದುಬಾರಿ, ಐದಾರು ಜನ ಹಂಚಿಕೊಂಡರೆ ಬಸ್ ಟೂರಿಗೂ ಇದಕ್ಕೂ ಅಂತರ ಕಡಿಮೆಯಾಗುತ್ತದೆ. ಹಿಮನದಿ ನಡಿಗೆಗೆ ತಲೆಲೆಕ್ಕದಲ್ಲಿ ಬೇರೆ ಕೊಡಬೇಕು. ಪಾರ್ಕಿಂಗ್, ಊಟ ಸೇರಿದೆಯಾ ಕೇಳಿ. ಬಿರುಗಾಳಿಗೆ ರಸ್ತೆ ಮುಚ್ಚಿದರೆ ದುಡ್ಡು ವಾಪಸ್ಸಾ, ದಿನ ಬದಲಾವಣೆಯಾ? ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಉಪಯೋಗ ಹೇಳುತ್ತೇನೆ, ಇದನ್ನು ಯಾರೂ ಬರೆಯುವುದಿಲ್ಲ. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇದ್ದು, ಊರಿನಿಂದ ಬಂದ ಅಪ್ಪ–ಅಮ್ಮನನ್ನು ಐಸ್‌ಲ್ಯಾಂಡಿಗೆ ಕರೆದುಕೊಂಡು ಹೋಗುವ ಕನ್ನಡದವರು ಬಹಳ ಜನ. ವಯಸ್ಸಾದವರಿಗೆ ಹಿಮನದಿ ಹತ್ತುವುದು ಕಷ್ಟ. ಅದಕ್ಕೆ ಮಕ್ಕಳೂ ಆಸೆ ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ. ಹತ್ತುವವರನ್ನು ಹಿಮನದಿ ಗೈಡ್ ಕೈಗೆ ಒಪ್ಪಿಸಿ, ಆ ಮೂರು ಗಂಟೆ ಹಿರಿಯರನ್ನು ಡ್ರೈವರ್ ಹತ್ತಿರದ ಸ್ಕೋಗರ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಲಿ. ಮಣ್ಣುಹುಲ್ಲು ಹೊದಿಸಿದ ಹಳೆಯ ಮನೆಗಳು, ಮೀನುಗಾರರ ದೋಣಿ, ಒಳಗೆ ಬೆಚ್ಚಗೆ ಕೂರಲು ಜಾಗ, ಎಲ್ಲಾ ಇದೆ. ಬುಕ್ ಮಾಡುವಾಗಲೇ ಇದನ್ನು ಹೇಳಿಬಿಡಿ.

ಮಕ್ಕಳಿದ್ದರೆ ಅವರ ಎತ್ತರ ತಿಳಿಸಿ. 135 ಸೆಂ.ಮೀ.ಗಿಂತ ಗಿಡ್ಡ ಇರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸುರಕ್ಷತಾ ಸೀಟು ಕಡ್ಡಾಯ. ಹಿಮನದಿ ನಡಿಗೆಗೆ ಕಂಪನಿಗಳು ಕನಿಷ್ಠ ವಯಸ್ಸು ಇಟ್ಟಿರುತ್ತವೆ, ಸಾಮಾನ್ಯವಾಗಿ 8 ಅಥವಾ 10.

ಹೆಜ್ಜೆ 4: ವೀಸಾ, ಇನ್ಶೂರೆನ್ಸ್

ಐಸ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಲ್ಲಿದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಬ್ರಿಟನ್ ವೀಸಾ ನಡೆಯುವುದಿಲ್ಲ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. 30,000 ಯೂರೋ ವೈದ್ಯಕೀಯ ಖರ್ಚಿಗೆ ಸಾಲುವ ಇನ್ಶೂರೆನ್ಸ್ ಕೇಳುತ್ತಾರೆ. ಆ ಪಾಲಿಸಿಯಲ್ಲಿ ಹಿಮನದಿ ನಡಿಗೆ ‘ಸಾಹಸ ಕ್ರೀಡೆ’ ಅಂತ ಹೊರಗೆ ಬಿಟ್ಟಿದ್ದಾರಾ ಅಂತ ಸಣ್ಣ ಅಕ್ಷರಗಳನ್ನು ಓದಿ.

ಹೆಜ್ಜೆ 5: ಮೈಮೇಲೆ ಏನು, ಡಬ್ಬಿಯಲ್ಲಿ ಏನು

ಇಲ್ಲಿ ಚಳಿಗಿಂತ ಹಿಂಸೆ ಕೊಡುವುದು ಗಾಳಿ ಮತ್ತು ಒದ್ದೆ. ಬೇಸಿಗೆಯಲ್ಲೂ 10–13 ಡಿಗ್ರಿ ಅಂದುಕೊಳ್ಳಿ. ದಪ್ಪ ಜಾಕೆಟ್ ಒಂದೇ ಹಾಕುವ ಬದಲು ಮೂರು ಪದರ ಹಾಕಿ: ಒಳಗೆ ಉಣ್ಣೆಯ ಥರ್ಮಲ್, ಮಧ್ಯೆ ಫ್ಲೀಸ್, ಹೊರಗೆ ನೀರು–ಗಾಳಿ ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಜೀನ್ಸ್ ಬೇಡವೇ ಬೇಡ. ಜಲಪಾತದ ಹತ್ತಿರ ಒಂದು ಸಲ ಒದ್ದೆಯಾದರೆ ಸಂಜೆವರೆಗೂ ಒಣಗುವುದಿಲ್ಲ. ಕೊಡೆ ತಂದರೆ ಸುಮ್ನೆ ಭಾರ, ಗಾಳಿಗೆ ಮುರಿಯುತ್ತದೆ. ಕಣಕಾಲು ಮುಚ್ಚುವ ಗಟ್ಟಿ ಬೂಟು ಬೇಕು. ಇಲ್ಲದಿದ್ದರೆ ಹಿಮನದಿ ಕಂಪನಿಯಲ್ಲೇ ಬಾಡಿಗೆಗೆ ಸಿಗುತ್ತದೆ, ಬುಕ್ ಮಾಡುವಾಗ ಸೈಜ್ ತಿಳಿಸಿ. ಒಂದು ಜೊತೆ ಜಾಸ್ತಿ ಸಾಕ್ಸ್ ಕಾರಿನಲ್ಲಿ ಇರಲಿ.

ಊಟದ ವಿಷಯ. ದಾರಿಯ ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಹಾಟ್ ಡಾಗ್, ಕುರಿಮಾಂಸದ ಸೂಪು. ಸಸ್ಯಾಹಾರಿಗಳಿಗೆ ವೀಕ್ ಮುಟ್ಟುವ ತನಕ ಆಯ್ಕೆ ಕಡಿಮೆ. ಹಿಂದಿನ ಸಂಜೆಯೇ ಬೋನಸ್ ಅಥವಾ ಕ್ರೋನನ್ ಸೂಪರ್‌ಮಾರ್ಕೆಟ್‌ಗೆ ಹೋಗಿ ಬ್ರೆಡ್, ಹಣ್ಣು, ಚೀಸ್ ತಂದುಕೊಳ್ಳಿ. ಊರಿಂದ ತಂದ ಪುಳಿಯೋಗರೆ ಗೊಜ್ಜು ಇದ್ದರೆ ಇನ್ನೂ ಒಳ್ಳೆಯದು. ಕಾರಿನಲ್ಲಿ ತಿನ್ನಬಹುದಾ ಅಂತ ಮಾತ್ರ ಗೈಡ್ ಹತ್ತಿರ ಕೇಳಿ. ಗೊಜ್ಜಿನ ವಾಸನೆ ನಮಗೆ ಹಿತ, ಎಲ್ಲರಿಗೂ ಅಲ್ಲ. ನೀರಿನ ಬಾಟಲಿ ದುಡ್ಡು ಕೊಟ್ಟು ಕೊಳ್ಳಬೇಡಿ, ನಲ್ಲಿಯ ತಣ್ಣೀರು ಧಾರಾಳವಾಗಿ ಕುಡಿಯಬಹುದು.

ಹೆಜ್ಜೆ 6: ಹಿಂದಿನ ರಾತ್ರಿ

ಐಸ್‌ಲ್ಯಾಂಡಿನ ಹವಾಮಾನ ಇಲಾಖೆಯ ಸೈಟ್ ತೆಗೆದು ಮೊದಲು ಗಾಳಿ ನೋಡಿ, ಆಮೇಲೆ ಮಳೆ. ಗಾಳಿಯ ವೇಗ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿರುತ್ತದೆ. 3.6ರಿಂದ ಗುಣಿಸಿದರೆ ನಮಗೆ ಅರ್ಥವಾಗುವ ಕಿ.ಮೀ. ಲೆಕ್ಕ ಸಿಗುತ್ತದೆ. 20 ಅಂತ ಬರೆದಿದ್ದರೆ ಗಂಟೆಗೆ 72 ಕಿ.ಮೀ. ಅಂಥ ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇದೆಯಾ ನೋಡಿ. ಪ್ರವಾಸಿಗರ ಸುರಕ್ಷತೆಗಾಗಿ ಇರುವ ಸೇಫ್‌ಟ್ರಾವೆಲ್ ಸೈಟಿನಲ್ಲೂ ಕಣ್ಣಾಡಿಸಿ. ತುರ್ತು ನಂಬರ್ 112.

ಆಮೇಲೆ ಗೈಡ್‌ಗೆ ಒಂದು ಮೆಸೇಜ್ ಹಾಕಿ: ‘ನಾಳೆ ಹವಾ ನೋಡಿದರೆ ನೀವು ಯಾವುದನ್ನು ಮೊದಲು ಇಡುತ್ತೀರಿ, ಯಾವುದನ್ನು ಬಿಡುತ್ತೀರಿ?’ ಒಳ್ಳೆಯ ಗೈಡ್‌ಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಇನ್ನೊಂದಿಲ್ಲ.

ಹೆಜ್ಜೆ 7: ದಿನ ಹೀಗೆ ಸಾಗಲಿ

ಬೆಳಗ್ಗೆ 8ಕ್ಕೆ ಹೊರಟರೆ ಸೆಲ್‌ಫೊಸ್ ದಾಟಿ ಹ್ವೋಲ್ಸ್‌ವೊಟ್ಲುರ್ ಊರಿಗೆ ಒಂದೂವರೆ ಗಂಟೆ. ಟಾಯ್ಲೆಟ್, ಕಾಫಿ ಇಲ್ಲೇ ಮುಗಿಸಿ. ಇಳಿಯುವಾಗ ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆರೆಯಿರಿ. ಹಿಂದಿನಿಂದ ಬೀಸುವ ಗಾಳಿಗೆ ಬಾಗಿಲು ಕಿತ್ತು ಬರುವುದುಂಟು.

ಇಲ್ಲಿಂದ ಮುಂದೆ ಎಡಗಡೆ ಏಯಾಫ್ಯಾಟ್ಲಾಯೋಕುಲ್ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಹೆಸರು ಹೇಳಲು ಬರದಿದ್ದರೂ ಇದನ್ನು ಎಲ್ಲರೂ ಕೇಳಿದ್ದೀರಿ. 2010ರ ಏಪ್ರಿಲ್‌ನಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ನಿಲ್ಲಿಸಿದ್ದು ಇದೇ. ಸುಮಾರು 1 ಲಕ್ಷ ವಿಮಾನ ಹಾರಾಟ ರದ್ದಾಯಿತು. ಲಾವಾ ಹಿಮಗಡ್ಡೆಗೆ ತಾಗಿ, ಸಿಡಿದು, ಗಾಜಿನ ಪುಡಿಯಂಥ ನುಣುಪು ಬೂದಿಯಾಗಿ ಮೇಲೆ ಹೋಗಿದ್ದೇ ಕಾರಣ. ಇದಕ್ಕಾಗಿ ಬೇರೆ ಸ್ಟಾಪ್ ಬೇಡ, ಕಾರಿನಿಂದಲೇ ನೋಡಿ.

ಮೊದಲ ಜಾಗ ಸೆಲ್ಯಾಲಾಂಡ್ಸ್‌ಫೊಸ್. 60 ಮೀಟರ್ ಎತ್ತರದ ಜಲಪಾತ, ಹಿಂದಿನಿಂದ ಸುತ್ತು ಹಾಕಿ ಬರಬಹುದು. ಮೈ ಪೂರ್ತಿ ಒದ್ದೆಯಾಗುತ್ತದೆ, ಚಳಿಗಾಲದಲ್ಲಿ ಆ ಹಾದಿ ಮಂಜುಗಟ್ಟಿ ಮುಚ್ಚಿರುತ್ತದೆ. ಹಿರಿಯರು ಮುಂದೆ ನಿಂತೇ ನೋಡಲಿ, ನಷ್ಟವೇನಿಲ್ಲ. ಪಕ್ಕದಲ್ಲೇ ಬಂಡೆಸೀಳಿನೊಳಗೆ ಬೀಳುವ ಗ್ಲ್ಯೂವ್ರಾಬೂಯಿ ಇದೆ. ಬಸ್‌ನವರಿಗೆ ಹೆಚ್ಚಾಗಿ ಟೈಮ್ ಸಾಲುವುದಿಲ್ಲ, ನಿಮಗೆ ಸಾಲುತ್ತದೆ. ತೊರೆಯ ಕಲ್ಲುಗಳ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು.

ಸ್ಕೋಗಾಫೊಸ್ ಅಲ್ಲಿಂದ ಅರ್ಧ ಗಂಟೆ. ಇದೂ 60 ಮೀಟರ್, ಆದರೆ 25 ಮೀಟರ್ ಅಗಲ. ಬುಡದವರೆಗೂ ಸಮತಟ್ಟು ನೆಲ, ಮಂಡಿನೋವಿನವರಿಗೂ ತೊಂದರೆಯಿಲ್ಲ. ಪಕ್ಕದಲ್ಲಿ ಮೇಲಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು. ಹಿಮನದಿ ನಡಿಗೆ ಇದ್ದ ದಿನ ಮೆಟ್ಟಿಲು ಹತ್ತಬೇಡಿ. ಕಾಲಿನ ಶಕ್ತಿ ಮುಂದಕ್ಕೆ ಉಳಿಸಿಕೊಳ್ಳಿ.

ಈಗ ದಿನದ ಮುಖ್ಯ ಭಾಗ, ಸೋಲ್ಹೇಮಾಯೋಕುಲ್. ಮೀರ್ಡಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮಹೊದಿಕೆಯಿಂದ ಕೆಳಗಿಳಿಯುವ ನಾಲಿಗೆ ಇದು. ಆ ಹೊದಿಕೆಯ ಅಡಿಯಲ್ಲಿ ಕಾಟ್ಲಾ ಜ್ವಾಲಾಮುಖಿ ಇದೆ. ಹಿಮ ಸೀಳಿಕೊಂಡು ದೊಡ್ಡದಾಗಿ ಸಿಡಿದದ್ದು ಕೊನೆಯ ಸಲ 1918ರಲ್ಲಿ. ಈ ಹಿಮನದಿಯಿಂದ ಹೊರಡುವ ಹೊಳೆ ದಾಟುವಾಗ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಕೆಳಗಿನ ಬಿಸಿಯಿಂದ ಬರುವ ಗಂಧಕದ ಅನಿಲ ಅದು. ವಾಸನೆ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಹಿಮದ ಅಡಿಯಿಂದ ಪ್ರವಾಹ ಬರುವ ಸೂಚನೆ ಇರಬಹುದು ಅಂತ ಅಲ್ಲಿನವರು ಗಮನ ಇಟ್ಟಿರುತ್ತಾರೆ.

ಪಾರ್ಕಿಂಗ್‌ನಲ್ಲಿ ಹಿಮನದಿ ಗೈಡ್ ಹೆಲ್ಮೆಟ್, ಸೊಂಟದ ಹಾರ್ನೆಸ್, ಹಿಮಕೊಡಲಿ, ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳುಗಳ ಪಟ್ಟಿ, ಅಂದರೆ ಕ್ರ್ಯಾಂಪನ್ ಕೊಡುತ್ತಾರೆ. ಮಂಜುಗಡ್ಡೆಯ ತುದಿಗೆ ಅಲ್ಲಿಂದ ನಡೆಯಬೇಕು. ಪ್ರತಿ ವರ್ಷ ಹಿಮನದಿ ಹಿಂದಕ್ಕೆ ಸರಿಯುತ್ತಿದೆ, ಅದು ಬಿಟ್ಟ ಜಾಗದಲ್ಲಿ ಈಗ ಸರೋವರವೇ ಆಗಿದೆ. ಹ್ವೋಲ್ಸ್‌ವೊಟ್ಲುರ್ ಶಾಲೆಯ ಮಕ್ಕಳು 2010ರಿಂದ ವರ್ಷಕ್ಕೊಮ್ಮೆ ಬಂದು ಎಷ್ಟು ಸರಿದಿದೆ ಅಂತ ಅಳೆಯುತ್ತಾರೆ. ಬೋರ್ಡ್‌ನಲ್ಲಿ ಆ ಲೆಕ್ಕ ನೋಡಿ.

ಕ್ರ್ಯಾಂಪನ್ ಹಾಕಿದ ಮೇಲೆ ನಡೆಯುವ ರೀತಿ ಬೇರೆ. ಕಾಲು ಅಗಲಿಸಿ ಇಡಿ. ಪಾದವನ್ನು ಪೂರ್ತಿ ಚಪ್ಪಟೆಯಾಗಿ, ನೆಲ ಕುಟ್ಟಿದ ಹಾಗೆ ಇಡಿ. ಹಿಮ್ಮಡಿ ಮೊದಲು ಊರಬೇಡಿ. ಅಗಲವಾದ ಪ್ಯಾಂಟ್, ಜೋಲಾಡುವ ದುಪಟ್ಟಾ ಬೇಡ. ಮುಳ್ಳಿಗೆ ಸಿಕ್ಕಿಕೊಂಡರೆ ಮುಗ್ಗರಿಸುವುದು ಖಂಡಿತ. ಗೈಡ್ ನಡೆದ ಹೆಜ್ಜೆಯಲ್ಲೇ ನಡೆಯಿರಿ, ಫೋಟೋಗೆ ಅಂತ ಎರಡು ಅಡಿ ಪಕ್ಕಕ್ಕೂ ಹೋಗಬೇಡಿ. ಬಿರುಕುಗಳ ಮೇಲೆ ತೆಳು ಹಿಮ ಮುಚ್ಚಿರುತ್ತದೆ.

ಮೊದಲ ನೋಟಕ್ಕೆ ನಿರಾಸೆ ಆಗಬಹುದು. ಕೊಳಕಾಗಿದೆಯಲ್ಲ ಅನ್ನಿಸುತ್ತದೆ. ಆ ಕಪ್ಪೆಲ್ಲ ಹಳೆಯ ಸ್ಫೋಟಗಳ ಬೂದಿ. ಹತ್ತಿರ ಹೋದರೆ ಅಲ್ಲಲ್ಲಿ ಮೊಣಕಾಲೆತ್ತರದ ಕಪ್ಪು ಗುಡ್ಡೆಗಳು ಕಾಣುತ್ತವೆ, ಯಾರೋ ಮಣ್ಣು ಸುರಿದು ಹೋದ ಹಾಗೆ. ಗೈಡ್‌ನ ಕೇಳಿ, ಕೊಡಲಿಯಿಂದ ಒಂದನ್ನು ಕೆರೆದು ತೋರಿಸುತ್ತಾರೆ. ಮೇಲೆ ಎರಡು ಬೆರಳು ದಪ್ಪ ಬೂದಿ, ಒಳಗೆಲ್ಲ ಗಟ್ಟಿ ಮಂಜುಗಡ್ಡೆ! ತೆಳುವಾಗಿ ಬಿದ್ದ ಬೂದಿ ಬಿಸಿಲು ಹೀರಿ ಮಂಜನ್ನು ಬೇಗ ಕರಗಿಸುತ್ತದೆ. ದಪ್ಪವಾಗಿ ಬಿದ್ದರೆ ಹೊದಿಕೆಯಾಗಿ ಕಾಪಾಡುತ್ತದೆ. ಸುತ್ತಲಿನದು ಕರಗಿ ಇಳಿದಾಗ ಬೂದಿ ದಪ್ಪ ಇದ್ದ ಕಡೆ ಗುಡ್ಡೆ ಉಳಿಯುತ್ತದೆ. ಬೆಂಕಿ ಮತ್ತು ಮಂಜು ಒಟ್ಟಿಗೇ ಕೆಲಸ ಮಾಡುವುದನ್ನು ಇಷ್ಟು ಹತ್ತಿರದಿಂದ ನೋಡಲು ಈ ದಾರಿಯಲ್ಲಿ ಬೇರೆ ಜಾಗ ಇಲ್ಲ. ಸಮಯ ಇಲ್ಲಿ ಖರ್ಚು ಮಾಡಿ. ಬೇಕಾದರೆ ಮುಂದಿನ ಒಂದು ಜಾಗ ಬಿಡಿ.

ಬಿಡುವುದಾದರೆ ಸೋಲ್ಹೇಮಾಸಂಡುರ್‌ನ ಮುರಿದ ವಿಮಾನ ಬಿಡಿ. 1973ರ ನವೆಂಬರ್‌ನಲ್ಲಿ ಅಮೆರಿಕ ನೌಕಾಪಡೆಯ ಡಿಸಿ–3 ಅಲ್ಲಿ ಇಳಿದಿತ್ತು, ಎಲ್ಲರೂ ಬದುಕಿದರು. ಫೋಟೋಗೆ ಚೆನ್ನ, ಆದರೆ ಹೋಗಿಬರಲು ಬೋಳು ಮರಳಿನಲ್ಲಿ ಎರಡು ಗಂಟೆ ಹತ್ತಿರ ಹೋಗುತ್ತದೆ.

ಹೆಜ್ಜೆ 8: ರೇನಿಸ್‌ಫ್ಯಾರಾದಲ್ಲಿ ಬೆನ್ನು ತಿರುಗಿಸಬೇಡಿ

ಕಪ್ಪು ಮರಳಿನ ಈ ಕಡಲತೀರ ಚೆಂದ, ಅಷ್ಟೇ ಅಪಾಯ. ಸಣ್ಣ ಅಲೆಗಳು ಬಂದು ಹೋಗುತ್ತಿರುತ್ತವೆ, ಇದ್ದಕ್ಕಿದ್ದಂತೆ ಒಂದು ಅಲೆ ಹತ್ತಾರು ಮೀಟರ್ ಮೇಲೆ ನುಗ್ಗುತ್ತದೆ. ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ಪಾರ್ಕಿಂಗ್ ಹತ್ತಿರ ಎಚ್ಚರಿಕೆಯ ದೀಪ ಇದೆ. ಕೆಂಪು ಇದ್ದರೆ ತೀರಕ್ಕೆ ಇಳಿಯಬೇಡಿ, ಮೇಲಿನಿಂದಲೇ ನೋಡಿ. ಕೆಂಪಿಲ್ಲದಿದ್ದರೂ ಒದ್ದೆ ಮರಳಿಗೆ ಕಾಲಿಡಬೇಡಿ, ಮಕ್ಕಳ ಕೈ ಬಿಡಬೇಡಿ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಕಾಲು ತೋಯಿಸಿಕೊಂಡ ಅಭ್ಯಾಸ ಇಲ್ಲಿ ನಡೆಯಲ್ಲ.

ತೀರದ ಗೋಡೆಯಲ್ಲಿ ಜೋಡಿಸಿಟ್ಟಂತೆ ನಿಂತ ಕಲ್ಲುಕಂಬಗಳನ್ನು ನೋಡಿದಾಗ ಮಲ್ಪೆಯಿಂದ ದೋಣಿ ಹತ್ತಿದವರಿಗೆ ಸೇಂಟ್ ಮೇರಿಸ್ ದ್ವೀಪ ನೆನಪಾಗುತ್ತದೆ. ಆಗಲೇಬೇಕು. ಕಲ್ಲಿನ ಜಾತಿ ಬೇರೆ, ಆದರೆ ಕಂಬವಾದ ರೀತಿ ಒಂದೇ: ಲಾವಾ ನಿಧಾನವಾಗಿ ಆರುವಾಗ ಕುಗ್ಗಿ, ಬಹುಕೋನದ ಬಿರುಕು ಬಿಟ್ಟು, ಕಂಬಗಳಾಗಿ ಒಡೆಯುತ್ತದೆ. ನಮ್ಮದು ಸುಮಾರು 8.8 ಕೋಟಿ ವರ್ಷ ಹಳೆಯದು. ಅದರ ಮುಂದೆ ಐಸ್‌ಲ್ಯಾಂಡಿನದು ತೀರಾ ಎಳೆಯದು.

ಸಮಯ ಇದ್ದರೆ ಪಕ್ಕದ ಡಿರ್‌ಹೋಲಾಯ್ ಗುಡ್ಡಕ್ಕೆ ಹೋಗಿ, ಪಫಿನ್ ಕಾಣುವುದು ಅಲ್ಲೇ. ಮೊಟ್ಟೆಯಿಡುವ ಕಾಲದಲ್ಲಿ ಕೆಲವು ಭಾಗ ಮುಚ್ಚಿರುತ್ತಾರೆ. ಊಟಕ್ಕೆ ವೀಕ್. ಊರ ಮೇಲಿನ ದಿಬ್ಬದಲ್ಲಿ ಚರ್ಚ್ ಇದೆ. ಕಾಟ್ಲಾ ಸಿಡಿದು ಪ್ರವಾಹ ಬಂದರೆ ಊರವರು ಓಡಬೇಕಾದ ಜಾಗ ಅದೇ.

ಮರೆಯುವ ಮೊದಲು ಹೇಳಿಬಿಡುತ್ತೇನೆ: ದಾರಿಯುದ್ದಕ್ಕೂ ಲಾವಾದ ಮೇಲೆ ಹಸಿರು ಪಾಚಿ ಹಾಸಿರುತ್ತದೆ, ಮೆತ್ತಗೆ ಕಾಣುತ್ತದೆ ಅಂತ ಹತ್ತಿ ಕೂರಬೇಡಿ. ತುಳಿದದ್ದು ಮತ್ತೆ ಬೆಳೆಯಲು ದಶಕಗಳೇ ಬೇಕು. ರಸ್ತೆ ಬಿಟ್ಟು ಗಾಡಿ ಓಡಿಸುವುದು ಕಾನೂನು ಪ್ರಕಾರ ಅಪರಾಧ. ‘ಸ್ವಲ್ಪ ಒಳಗೆ ಬಿಡಿ, ಫೋಟೋ ತಗೋತೀವಿ’ ಅಂತ ಗೈಡ್‌ಗೆ ಒತ್ತಾಯ ಮಾಡಬೇಡಿ.

ಹೆಜ್ಜೆ 9: ವಾಪಸ್ ದಾರಿ

ವೀಕ್‌ನಿಂದ ರೇಕ್ಯಾವಿಕ್‌ಗೆ ನಿಲ್ಲಿಸದೆ ಬಂದರೆ ಎರಡೂವರೆ ಗಂಟೆ. ಎಲ್ಲರೂ ನಿದ್ದೆ ಹೋಗುತ್ತಾರೆ, ಹೋಗಲಿ. ಟಿಪ್ಸ್ ಕೊಡಲೇಬೇಕು ಅನ್ನುವ ಪದ್ಧತಿ ಅಲ್ಲಿಲ್ಲ. ಖುಷಿಯಾದರೆ ಕೊಡಿ, ಕೊಡದಿದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ. ನಗದು ಕ್ರೋನಾ ಬದಲಾಯಿಸಿಕೊಳ್ಳುವ ಗೋಜೂ ಬೇಡ, ಕಾರ್ಡ್ ಎಲ್ಲಾ ಕಡೆ ನಡೆಯುತ್ತದೆ.

ಹೋಟೆಲಿಗೆ ಬಿಡುವ ಬದಲು ಊರಿನ ಸಾರ್ವಜನಿಕ ಈಜುಕೊಳದ ಹತ್ತಿರ ಬಿಡಿ ಅಂತ ಗೈಡ್‌ಗೆ ಹೇಳಿ. ಭೂಮಿಯ ಬಿಸಿಯಿಂದಲೇ ಕಾದ ನೀರಿನ ತೊಟ್ಟಿಗಳಿರುತ್ತವೆ, ಕ್ರ್ಯಾಂಪನ್ ಹಾಕಿ ನಡೆದ ಕಾಲಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಪ್ರವಾಸಿಗರ ಹೆಸರಾಂತ ಸ್ಪಾಗಳಿಗಿಂತ ತುಂಬಾ ಅಗ್ಗ ಕೂಡ. ಒಂದು ನಿಯಮ ಮಾತ್ರ ಗೊತ್ತಿರಲಿ: ನೀರಿಗಿಳಿಯುವ ಮೊದಲು ಬಟ್ಟೆ ಪೂರ್ತಿ ತೆಗೆದು, ಸೋಪು ಹಾಕಿ ಸ್ನಾನ ಮಾಡಲೇಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ ಇರುತ್ತದೆ, ಆದರೆ ಎಲ್ಲಾ ಕಡೆ ಒಬ್ಬೊಬ್ಬರಿಗೆ ಪರದೆ ಇರುವುದಿಲ್ಲ. ನಮ್ಮವರಿಗೆ ಸಂಕೋಚ ಆಗುತ್ತೆ ನಿಜ. ಈಜುಡುಗೆ ಹಾಕಿಕೊಂಡೇ ಷವರ್ ಕೆಳಗೆ ನಿಂತರೆ ಅಲ್ಲಿನ ಸಿಬ್ಬಂದಿ ಬಂದು ವಾಪಸ್ ಕಳಿಸುತ್ತಾರೆ. ಅಪ್ಪ–ಅಮ್ಮ ಜೊತೆಗಿದ್ದರೆ ಈ ವಿಷಯ ಕಾರಿನಲ್ಲೇ ಹೇಳಿಬಿಡಿ.